ಹೆಬ್ಬೆರಳಿನ ಆಯುಧಪೂಜೆ

ಹೋಟೆಲಿನಲ್ಲಿ ಮಾಣಿ ಕಾಫಿ ತಂದಿಟ್ಟರೆ ಸಭ್ಯ ಗೃಹಸ್ಥನಾದವನು ಏನು ಮಾಡುತ್ತಾನೆ ಹೇಳಿ? ಸಕ್ಕರೆ ಸಾಲದೆಂದು ಗೊಣಗುತ್ತಾನೆ, ಬಿಸಿಯಿಲ್ಲವೆಂದು ಆಕ್ಷೇಪಿಸುತ್ತಾನೆ, ಏನೂ ತೋಚದಿದ್ದರೆ ಸುಮ್ಮನೆ ಕುಡಿಯುತ್ತಾನೆ. ನಾನು ಮಾತ್ರ ಕಾಫಿಯನ್ನು ಕಣ್ಣೆತ್ತಿಯೂ ನೋಡದೆ, ಮೊದಲು ಲೋಟದ ಅಂಚಿನ ಸುತ್ತ ನನ್ನ ಬಲಗೈ ಹೆಬ್ಬೆರಳಿಗೆ ಒಂದು ಪ್ರದಕ್ಷಿಣೆ ಮಾಡಿಸುತ್ತೇನೆ. ಈ ಪ್ರದಕ್ಷಿಣೆ ಸಾಂಗವಾಗಿ ಮುಗಿಯುವ ತನಕ ಕಾಫಿಯೂ ಕಾಯಬೇಕು, ಎದುರಿಗೆ ಕುಳಿತ ಸ್ನೇಹಿತರೂ ಕಾಯಬೇಕು. ಶ್ರೀನಿವಾಸಪುರದ ಒಂದು ಹೋಟೆಲಿನ ಯಜಮಾನರು ಇದನ್ನು ಕಂಡು, ನಾನು ಮಫ್ತಿಯಲ್ಲಿ ಬಂದ ಹೆಲ್ತ್ ಇನ್ಸ್‌ಪೆಕ್ಟರನೇ ಇರಬೇಕೆಂದು ನಿಶ್ಚಯಿಸಿ, ಕೇಳದೆಯೇ ಒಂದು ಬಿಸಿ ವಡೆಯನ್ನು ನನ್ನ ತಟ್ಟೆಗೆ ದಯಪಾಲಿಸಿದ್ದುಂಟು. ಕರೆಯದೆ ಬಂದ ವಡೆಯನ್ನು ತಿರಸ್ಕರಿಸುವಷ್ಟು ವೈರಾಗ್ಯ ನನಗಿನ್ನೂ ಪ್ರಾಪ್ತವಾಗಿಲ್ಲ.

ನಿಜ ಸಂಗತಿಯೆಂದರೆ ನಾನು ಇನ್ಸ್‌ಪೆಕ್ಟರನಲ್ಲ, ಟರ್ನರ್. ಲೇತ್ ಎಂಬ ಯಂತ್ರದ ಮುಂದೆ ನಿಂತು, ಗರಗರ ತಿರುಗುವ ಕಬ್ಬಿಣಕ್ಕೆ ಉಳಿ ಕೊಟ್ಟು, ಬೇಕಾದ ದಪ್ಪಕ್ಕೆ ಹೆರೆದು ತೆಗೆಯುವುದು ನನ್ನ ಕಸುಬು. ಹೆರೆದ ಕಬ್ಬಿಣ ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತದೆ. ಅಂಚಿನಲ್ಲಿ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಉಳಿದುಬಿಡುತ್ತದೆ. ನಾವು ಅದನ್ನು ಮುಳ್ಳು ಎನ್ನುತ್ತೇವೆ. ಮುಳ್ಳಿರುವ ಸಾಮಾನು ಇನ್ನೊಂದರೊಳಗೆ ಸರಿಯಾಗಿ ಕೂರುವುದಿಲ್ಲ, ಕೂತರೂ ಅತ್ತೆಸೊಸೆಯರ ಹಾಗೆ ಸದಾ ಕಿರಿಕಿರಿ. ಇದನ್ನು ಹಿಡಿಯುವುದಕ್ಕೆ ಕಣ್ಣು ನಿಷ್ಪ್ರಯೋಜಕ, ಹೆಬ್ಬೆರಳೇ ಪ್ರಮಾಣ. ಹೀಗೆ ವರ್ಷಾನುಗಟ್ಟಲೆ ಮುಳ್ಳು ಹುಡುಕಿ ಹುಡುಕಿ ಪಳಗಿದ ನನ್ನ ಹೆಬ್ಬೆರಳು ಕಾರ್ಖಾನೆಯ ಗೇಟು ದಾಟಿದ ಮೇಲೂ ಡ್ಯೂಟಿ ಬಿಡುವುದಿಲ್ಲ. ದೇವಸ್ಥಾನದ ಗಂಟೆ, ಬಸ್ಸಿನ ಕಂಬಿ, ಪಕ್ಕದ ಮನೆಯವರ ಹಿತ್ತಾಳೆ ಕೊಳಗ, ಯಾವುದೂ ಅದರ ಪರೀಕ್ಷೆಯಿಂದ ಪಾರಾಗಿಲ್ಲ. ಒಮ್ಮೆ ನಾಮಕರಣಕ್ಕೆ ಹೋದವನು ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ತಲೆಯನ್ನು ಸವರಿ, ಆಶೀರ್ವಾದ ಮಾಡುವ ಬದಲು "ಸ್ವಲ್ಪ ಓರೆ ಇದೆ" ಎಂದು ಉದ್ಗರಿಸಿದ್ದರಿಂದ, ಹೋಳಿಗೆ ಬಡಿಸುವ ಹೊತ್ತಿಗೆ ನನ್ನ ಎಲೆಯೊಂದು ಯಾರ ಕಣ್ಣಿಗೂ ಬೀಳದೆ ಹೋಯಿತು. ಜಗತ್ತಿನಲ್ಲಿ ಪರಿಪೂರ್ಣ ಗೋಳವೆಂದು ಈ ಹೆಬ್ಬೆರಳು ಒಪ್ಪಿಕೊಂಡಿರುವುದು ನನ್ನ ತಾಯಿ ಕಟ್ಟುತ್ತಿದ್ದ ರಾಗಿಮುದ್ದೆಯೊಂದನ್ನೇ.

ನನ್ನ ತಂದೆ ಟೇಕಲ್ಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದರು. ಮಗ ಪಂಡಿತನಾಗಲಿ ಎಂಬುದು ಅವರ ಮನೋರಥ. ಆದರೆ ಮಗನ ರಥ ಸಂಧಿ ಸಮಾಸಗಳ ದಾರಿಯನ್ನು ಬಿಟ್ಟು ಊರಿನ ಸಂದಿಗೊಂದಿಗಳಲ್ಲೇ ಹೆಚ್ಚು ಸಂಚರಿಸಿದ್ದರಿಂದ, ಎಪ್ಪತ್ತರ ದಶಕದ ಒಂದು ಶುಭಮುಹೂರ್ತದಲ್ಲಿ ನನ್ನನ್ನು ಕೋಲಾರದ ಐಟಿಐಗೆ ಸೇರಿಸಿ ನಿಟ್ಟುಸಿರಿಟ್ಟರು. ಹೀಗಾಗಿ ನಾನು ಅರ್ಧ ಪಂಡಿತ, ಅರ್ಧ ಟರ್ನರ್. ಪಂಡಿತರ ನಡುವೆ ಕೂತರೆ ಎಣ್ಣೆ ವಾಸನೆ ಬರುತ್ತದೆ. ಟರ್ನರುಗಳ ನಡುವೆ ನಿಂತರೆ ಬಾಯಿಂದ ಸಂಸ್ಕೃತ ಬರುತ್ತದೆ. ನಾರಾಯಣಸ್ವಾಮಿ ಎಂಬ ನನ್ನ ಹೆಸರನ್ನು ಮೊಟಕುಗೊಳಿಸಿ ಕಾರ್ಖಾನೆಯಲ್ಲಿ ಎಲ್ಲರೂ "ಪದ್ಯದ ಸ್ವಾಮಿ" ಎಂದು ಕರೆಯುತ್ತಿದ್ದರು.

ಕಾರ್ಖಾನೆ ಮಾಲೂರಿನ ಹೊರವಲಯದಲ್ಲಿ, ಇಟ್ಟಿಗೆ ಗೂಡುಗಳ ಹೊಗೆಯ ಆಚೆಗಿತ್ತು. ಟೇಕಲ್ಲಿನಿಂದ ಬೆಳಗಿನ ರೈಲು ಹಿಡಿದು ಹೋಗಿ, ನೀರೆತ್ತುವ ಪಂಪುಗಳ ಒಳಗೆ ತಿರುಗುವ ದಂಡಗಳನ್ನು ಹೆರೆದು, ಸಂಜೆಯ ರೈಲಿನಲ್ಲಿ ಹಿಂದಿರುಗುವುದು ನನ್ನ ನಿತ್ಯವಿಧಿ. ಅಲ್ಲಿ ನನಗೆ ಕೆಲಸ ಕಲಿಸಿದವರು ಕೋಲಾರದ ದಸ್ತಗೀರ್ ಸಾಬರು. ವಿನಯವೆಂಬ ಗುಣ ಅವರ ಹತ್ತಿರವೂ ಸುಳಿದಿರಲಿಲ್ಲ. ಎಣ್ಣೆಯ ನಾತ ತಮ್ಮ ಘನತೆಗೆ ತಕ್ಕದ್ದಲ್ಲವೆಂದು ಕಿವಿಯ ಹಿಂದೆ ಅತ್ತರು ಹಚ್ಚಿಕೊಂಡು, ಮೀಸೆ ತೀಡಿಕೊಂಡು, ಮದುಮಗನಂತೆ ಲೇತಿನ ಮುಂದೆ ಬಂದು ನಿಲ್ಲುತ್ತಿದ್ದರು. ತಮ್ಮ ಲೇತಿಗೆ "ಬೇಗಮ್" ಎಂದು ಹೆಸರಿಟ್ಟಿದ್ದರು. ಬೇಗಮ್ಮನ್ನು ಇನ್ನೊಬ್ಬರು ಮುಟ್ಟಿದರೆ ಆ ದಿನ ಕ್ಯಾಂಟೀನಿನಲ್ಲಿ ರಾಮಾಯಣ, ಮಹಾಭಾರತ ಎರಡೂ ನಡೆದುಹೋಗುತ್ತಿದ್ದವು.

ಎಂಬತ್ತರ ದಶಕದ ನಡುಭಾಗದಲ್ಲಿ ನನಗೆ ಹೆಣ್ಣು ನೋಡಲು ತೊಡಗಿದರು. ಶ್ರೀನಿವಾಸಪುರದ ಹತ್ತಿರದ ಯಲ್ದೂರಿನಲ್ಲಿ ಮಾವಿನ ತೋಟದ ಮುನಿವೆಂಕಟಪ್ಪನವರಿಗೆ ರತ್ನ ಎಂಬ ಮಗಳಿದ್ದಳು. ನಾವು ಹೋದಾಗ ತೋಟದಲ್ಲಿ ಕಾಯಿ ಬಲಿತಿತ್ತು. ಮನೆಯ ಜಗುಲಿಯ ತುಂಬ ಹುಲ್ಲಿನ ಮೇಲೆ ಹಣ್ಣಿಗಿಟ್ಟ ಮಾವು ಪರಿಮಳಿಸುತ್ತಿತ್ತು. ಹುಡುಗಿ ತಲೆ ತಗ್ಗಿಸಿಕೊಂಡು ಬಂದು ಕಾಫಿಯ ಲೋಟವನ್ನು ನನ್ನ ಕೈಗೆ ಕೊಟ್ಟಳು. ಇಂಥ ಸಂದರ್ಭದಲ್ಲಿ ಹುಡುಗಿಯ ಮುಖ ನೋಡುವುದು ಲೋಕರೂಢಿ. ನನ್ನ ಹೆಬ್ಬೆರಳಿಗೆ ಲೋಕರೂಢಿ ಗೊತ್ತಿರಲಿಲ್ಲ. ಅದು ತನ್ನ ಪ್ರದಕ್ಷಿಣೆಗೆ ಹೊರಟಿತು. ಅರ್ಧ ಸುತ್ತು ಮುಗಿದಿತ್ತೋ ಇಲ್ಲವೋ, ತಲೆ ತಗ್ಗಿಸಿದ್ದ ಹುಡುಗಿ ಥಟ್ಟನೆ ತಲೆಯೆತ್ತಿ, ಹಿರಿಯರೆಲ್ಲ ಕೇಳುವಂತೆ, "ಲೋಟ ತೊಳ್ದಿದೀವಿ" ಎಂದಳು.

ಓದುಗ ಮಹಾಶಯರೇ, ನಿಮ್ಮಲ್ಲಿ ಯಾರಿಗಾದರೂ ಒಂದೇ ವಾಕ್ಯದಲ್ಲಿ ಪ್ರೇಮ ಉದಿಸಿದ ಅನುಭವ ಇದ್ದರೆ ನನ್ನ ಸ್ಥಿತಿ ಅರ್ಥವಾದೀತು. ಆ ಕಣ್ಣಿನಲ್ಲಿ ನೂರು ಕ್ಯಾಂಡಲಿನ ಕೋಪವಿತ್ತು. ತುಟಿಯಂಚಿನಲ್ಲಿ ನಗು ತುಳುಕದೆ ನಿಂತಿತ್ತು. ನನಗೆ ಇವಳೇ ಬೇಕು ಎನ್ನಿಸಿಬಿಟ್ಟಿತು. ಅವಳ ತಾಯಿ ವೆಂಕಟಲಕ್ಷ್ಮಮ್ಮನವರು ಗಾಬರಿಯಿಂದ ಒಂದು ತಟ್ಟೆ ಮಾವಿನ ಹೋಳನ್ನು ನನ್ನ ಮುಂದಿಟ್ಟರು. ನಾನು ಹೋಳಿನ ಅಂಚನ್ನು ಸವರದೆ ತಿಂದೆ. ಜಾತಕ ಕೂಡಿತು, ಮಾತು ಕೂಡಿತು, ದಸರೆ ಕಳೆದು ನಿಶ್ಚಯ ಮಾಡಿಕೊಳ್ಳುವುದೆಂದು ಹಿರಿಯರು ಎಲೆಯಡಿಕೆ ಹಾಕಿಕೊಂಡರು.

ಅಷ್ಟರಲ್ಲಿ ಯಂತ್ರ ಬಂತು, ನಾನು ಅತಂತ್ರನಾದೆ.

ದೊಡ್ಡ ಮರದ ಪೆಟ್ಟಿಗೆಯಲ್ಲಿ ಲಾರಿಯ ಮೇಲೆ ಬಂದ ಅದನ್ನು ನೋಡಲು ಇಡೀ ಕಾರ್ಖಾನೆ ಗೇಟಿನ ಬಳಿ ನೆರೆದಿತ್ತು. ಅದೂ ಲೇತೇ, ಆದರೆ ಅದಕ್ಕೆ ಹಿಡಿಕೆಗಳಿಲ್ಲ, ಮುಂದೆ ನಿಲ್ಲುವ ಮನುಷ್ಯನಿಗೆ ಮಾಡಲು ಕೆಲಸವಿಲ್ಲ. ಪಕ್ಕದಲ್ಲಿ ಬೀರುವಿನಂಥ ಒಂದು ಪೆಟ್ಟಿಗೆ. ಅದರ ಎದೆಯ ಮೇಲೆ ಪುಟ್ಟ ಗಾಜಿನ ಕಣ್ಣು. ಸಾಲು ಸಾಲಾಗಿ ತೂತು ಹೊಡೆದ ಕಾಗದದ ಪಟ್ಟಿಯೊಂದನ್ನು ಆ ಕಣ್ಣಿನ ಮೇಲೆ ಹಾಯಿಸಿದರೆ ಸಾಕು, ತೂತುಗಳ ಮೂಲಕ ಬಿದ್ದ ಬೆಳಕನ್ನೇ ಆಜ್ಞೆಯೆಂದು ಓದಿಕೊಂಡು ಯಂತ್ರ ತಾನೇ ಹೆರೆಯುತ್ತದೆ, ತಾನೇ ಉಳಿ ಬದಲಾಯಿಸುತ್ತದೆ, ತಾನೇ ನಿಲ್ಲುತ್ತದೆ. ಫೋರ್‌ಮನ್ನರು ಇದನ್ನು ವಿವರಿಸುತ್ತಿದ್ದಾಗ ಅವರ ಮುಖದಲ್ಲಿ ಮೊಮ್ಮಗನನ್ನು ತೋರಿಸುವ ಅಜ್ಜನ ಕಳೆಯಿತ್ತು. ನಮ್ಮ ಮುಖಗಳಲ್ಲಿ ಏನಿತ್ತೆಂದು ಹೇಳಬೇಕಾಗಿಲ್ಲ. ಇದಕ್ಕೆ ಸಂಬಳವಿಲ್ಲ, ಸಂಘವಿಲ್ಲ, ರೈಲು ತಪ್ಪುವುದಿಲ್ಲ, ಅಜ್ಜಿ ಸಾಯುವುದಿಲ್ಲ, ಹಬ್ಬವಂತೂ ಇಲ್ಲವೇ ಇಲ್ಲ ಎಂದು ಕ್ಯಾಂಟೀನಿನಲ್ಲಿ ಯಾರೋ ಹೇಳಿದರು. ದಸ್ತಗೀರ್ ಸಾಬರು ಚಹಾದ ಲೋಟ ಕೆಳಗಿಟ್ಟರು.

"ಹಬ್ಬ ಇಲ್ಲಾಂದ್ರೆ ಅದೇನ್ರೀ ಬಾಳು? ಬರ್ಲಿ ಆಯುಧಪೂಜೆ, ಅದಕ್ಕೂ ಹಬ್ಬ ಏನೂಂತ ತೋರ್ಸೋಣ" ಎಂದು ಎದ್ದುಹೋದರು.

ನಾನು ಹೊರಗೆ ನಕ್ಕೆ, ಒಳಗೆ ಹೆದರಿದೆ. ನನ್ನ ಕೈ ಕಲಿತಿರುವುದು ಇದೊಂದೇ ವಿದ್ಯೆ. ಈ ವಿದ್ಯೆಯನ್ನು ಕಾಗದದ ತೂತುಗಳು ಕಲಿತುಬಿಟ್ಟರೆ ನಾನು ಮತ್ತೆ ಸಂಧಿ ಸಮಾಸಗಳ ಕಾಲು ಹಿಡಿಯಬೇಕು. ಅವಂತೂ ನನ್ನನ್ನು ಎಂದೋ ಕೈಬಿಟ್ಟಿದ್ದವು.

ಮಾಲೂರಿನ ರೈಲಿನಲ್ಲಿ ಸುದ್ದಿಗೆ ಟಿಕೆಟ್ಟು ಬೇಕಿಲ್ಲ. ಟೇಕಲ್ಲು ತಲುಪುವ ಹೊತ್ತಿಗೆ "ಒಂದು ಮಿಷನ್ ಬಂದಿದೆ" ಎಂಬುದು "ಟರ್ನರುಗಳೆಲ್ಲ ಮನೆಗೆ" ಎಂದಾಗಿತ್ತು. ಯಲ್ದೂರು ಮುಟ್ಟುವ ಹೊತ್ತಿಗೆ ನಾನು ಆಗಲೇ ಮನೆಯಲ್ಲಿ ಕೂತು ಸೊಳ್ಳೆ ಹೊಡೆಯುತ್ತಿದ್ದೆ. ಮುನಿವೆಂಕಟಪ್ಪನವರಿಂದ "ಸ್ವಲ್ಪ ನೋಡೋಣ" ಎಂಬ ಮಾತು ಬಂತು. ನಮ್ಮ ಕಡೆ ಸಂಬಂಧದ ವಿಷಯದಲ್ಲಿ "ಬೇಡ" ಎಂದು ಯಾರೂ ಹೇಳುವುದಿಲ್ಲ. "ನೋಡೋಣ" ಎನ್ನುತ್ತಾರೆ, ಆಮೇಲೆ ಕಣ್ಣಿಗೇ ಬೀಳುವುದಿಲ್ಲ. ಆದರೆ ಮುನಿವೆಂಕಟಪ್ಪನವರು ಹೂವನ್ನು ನೋಡಿ ಮಾವಿನ ತೋಟದ ಫಸಲಿಗೆ ಮಾತು ಕೊಟ್ಟು ಒಂದೆರಡು ಸಲ ಪೇಚಾಡಿದವರಾದ್ದರಿಂದ, ಯಾವುದನ್ನೂ ಹೋಗಿ ಕಣ್ಣಾರೆ ಕಾಣದೆ ನಿರ್ಧರಿಸುವವರಲ್ಲ. ಆಯುಧಪೂಜೆಯ ದಿನ ಕಾರ್ಖಾನೆಗಳು ಬಂಧುಬಳಗಕ್ಕೆ ಬಾಗಿಲು ತೆರೆದಿರುವುದು ಎಲ್ಲರಿಗೂ ತಿಳಿದದ್ದೇ. ಅಂದು ಹೆಂಡತಿ ಮಗಳ ಸಮೇತ ಬಂದು ಆ ಯಂತ್ರವನ್ನು ನೋಡುತ್ತೇನೆ, ನೋಡಿದ ಮೇಲೆ ನನ್ನ ಮಾತು, ಎಂದು ಹೇಳಿ ಕಳಿಸಿದರು. ಗಂಡು ನೋಡುವುದು, ಮನೆ ನೋಡುವುದು ಕೇಳಿದ್ದೇವೆ. ಸಂಬಂಧಕ್ಕಾಗಿ ಮಿಷನ್ ನೋಡುವ ಶಾಸ್ತ್ರ ನನ್ನಿಂದಲೇ ಆರಂಭವಾದದ್ದಿರಬೇಕು. ಪುರಾಣದ ರಾಜಕುಮಾರರು ಸ್ವಯಂವರದಲ್ಲಿ ಮತ್ಸ್ಯಯಂತ್ರವನ್ನು ಹೊಡೆದರೆ ಸಾಕಿತ್ತು. ನನ್ನ ಪಾಲಿಗೆ ಬಂದದ್ದು ಸ್ವಯಂಚಾಲಿತ ಯಂತ್ರ. ಅದನ್ನು ಹೊಡೆದರೆ ಇರುವ ಕೆಲಸವೂ ಹೋಗುತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ನಮ್ಮ ಕಾರ್ಖಾನೆಯನ್ನು ನೀವು ನೋಡಬೇಕಿತ್ತು. ನಿತ್ಯ ಎಣ್ಣೆಯಲ್ಲಿ ಮಿಂದು ನಿಲ್ಲುವ ಯಂತ್ರಗಳು ಆ ದಿನ ಉಜ್ಜಿ ಒರೆಸಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು, ಬಾಳೆಕಂದಿನ ನೆರಳಿನಲ್ಲಿ ಮದುವೆ ಮನೆಯ ಹೆಂಗಸರಂತೆ ಸಾಲಾಗಿ ನಿಂತಿದ್ದವು. ಎಲ್ಲರಿಗಿಂತ ಹಿರಿಯ ಕೆಲಸಗಾರನೇ ಬೂದುಗುಂಬಳ ಒಡೆಯಬೇಕೆಂಬುದು ನಮ್ಮಲ್ಲಿನ ಪದ್ಧತಿ. ಆದ್ದರಿಂದ ದಸ್ತಗೀರ್ ಸಾಬರು ಜರಿಯ ಟೋಪಿ ಹಾಕಿಕೊಂಡು, ಇಮ್ಮಡಿ ಅತ್ತರು ಬಳಿದುಕೊಂಡು, ಕುಂಬಳಕಾಯಿಯನ್ನು ಎತ್ತಿ ಮಾಡಿದ ಅಬ್ಬರಕ್ಕೆ ಒಳಗಿದ್ದ ದುಷ್ಟಶಕ್ತಿಗಳಲ್ಲದೆ ಒಂದಿಬ್ಬರು ಶಿಷ್ಟರೂ ಹೊರಗೆ ಓಡಿದರು. ಪೂಜೆಯಾದ ಮೇಲೆ ಪ್ರತಿಯೊಂದು ಯಂತ್ರವನ್ನೂ ಒಂದು ಗಳಿಗೆ ಓಡಿಸಿ ನಿಲ್ಲಿಸುವುದು ವಾಡಿಕೆ. ಹೊಸ ಯಂತ್ರದ ಸರದಿಗಾಗಿ ಜನವೆಲ್ಲ ಕಾದಿತ್ತು.

ಯಲ್ದೂರಿನವರು ಬಂದರು. ಮುನಿವೆಂಕಟಪ್ಪನವರು ಎತ್ತು ಕೊಳ್ಳಲು ಬಂದವರ ಹಾಗೆ ಯಂತ್ರದ ಸುತ್ತ ಎರಡು ಸುತ್ತು ಬಂದು, ಹಿಂದೆ ಬಗ್ಗಿ ನೋಡಿ, ಕೊನೆಗೆ ನನ್ನ ಮುಂದೆ ನಿಂತರು.

"ಏನಪ್ಪಾ ಸ್ವಾಮಿ, ಇದು ಪೂರಾ ತಾನೇ ಮಾಡ್ಕೊಂತೈತಾ?"

"ಹೌದು, ಕಾಗದ ಹಾಕಿದ್ರೆ ತಾನೇ ಮಾಡುತ್ತೆ" ಎಂದೆ. ಮೇಷ್ಟ್ರ ಮಗ, ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಮನಿಷೇ ಲೇಕುಂಡಾನಾ!" ಎಂದು ತೆಲುಗಿನಲ್ಲಿ ಉದ್ಗರಿಸಿದರು. ಮನುಷ್ಯನೇ ಇಲ್ಲದೆಯಾ ಎಂಬ ಆ ಪ್ರಶ್ನೆಯಲ್ಲಿ ಇಲ್ಲದಿದ್ದ ಮನುಷ್ಯ ನಾನೇ. ನಮ್ಮ ಕಡೆಯವರಿಗೆ ಆಶ್ಚರ್ಯವಾಗಲಿ ಸಿಟ್ಟಾಗಲಿ ನಿಜವಾಗಿ ಬಂದರೆ ಅದು ತೆಲುಗಿನಲ್ಲೇ ಬರುತ್ತದೆ. ರತ್ನ ತಾಯಿಯ ಬೆನ್ನ ಹಿಂದೆ ನಿಂತು ಯಂತ್ರವನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಬರಿಗೈಯಲ್ಲಿ ನಿಂತವನ ಹೆಬ್ಬೆರಳು ಏನನ್ನಾದರೂ ಸವರಲು ಚಡಪಡಿಸುತ್ತಿತ್ತು.

ಈ ನಡುವೆ ಫೋರ್‌ಮನ್ನರು, ಮುತ್ತೈದೆಯರು ಬಂದಿದ್ದಾರೆ, ಹೊಸ ಯಂತ್ರಕ್ಕೆ ಅವರ ಕೈಯಿಂದಲೇ ಅರಿಸಿನ ಕುಂಕುಮ ಆಗಲಿ ಎಂದು ವೆಂಕಟಲಕ್ಷ್ಮಮ್ಮನವರ ಕೈಗೆ ಬಟ್ಟಲು ಕೊಟ್ಟರು. ಆಕೆ ಶ್ರದ್ಧಾವಂತೆ. ಯಂತ್ರದ ಮೈಗೆ ಅಲ್ಲಲ್ಲಿ ಹಚ್ಚಿ ಕೈ ತೊಳೆದುಕೊಳ್ಳುವವರಲ್ಲ. ದೇವರಿಗಾಗಲಿ ದನಕ್ಕಾಗಲಿ ಕುಂಕುಮವನ್ನು ಹಣೆಗಿಡಬೇಕು. ಹಾಗಾದರೆ ಈ ಯಂತ್ರದ ಹಣೆ ಯಾವುದು? ಮೇಲಿಂದ ಕೆಳಗೆ ಹುಡುಕಿದರು. ಬೀರುವಿನಂಥ ಆ ಪೆಟ್ಟಿಗೆಯ ನಟ್ಟನಡುವೆ, ಪಟ್ಟಿ ಹಾಕಲೆಂದು ಮುಚ್ಚಳ ತೆರೆದಿಟ್ಟಿದ್ದ ಜಾಗದಲ್ಲಿ, ಪುಟ್ಟ ಗಾಜು ಥಳಥಳಿಸುತ್ತಿತ್ತು. ಇದೇ ಎಂದು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅದರ ಮೇಲೆ ಗುಂಡಗೆ, ಗಟ್ಟಿಯಾಗಿ ಇಟ್ಟು, ಕೈಮುಗಿದರು. ಹಬ್ಬದ ದಿನ ಮೈಯೆಲ್ಲ ಕುಂಕುಮವಾದ ಯಂತ್ರದಲ್ಲಿ ಇನ್ನೊಂದು ಬೊಟ್ಟನ್ನು ಯಾರು ತಾನೇ ಗಮನಿಸುತ್ತಾರೆ? ಫೋರ್‌ಮನ್ನರು ಅದರ ಮೇಲೆಯೇ ತೂತಿನ ಪಟ್ಟಿಯನ್ನು ಹಾಸಿ, ಸಭೆಯನ್ನು ಒಮ್ಮೆ ನೋಡಿ, ಹಸಿರು ಗುಂಡಿ ಒತ್ತಿದರು.

ಯಂತ್ರ ಒಂದು ಸಲ ಗುರ್ ಎಂದು ಸುಮ್ಮನಾಯಿತು. ಕೆಂಪು ದೀಪ ಹತ್ತಿತು. ಕಿವಿ ಹರಿಯುವಂತೆ ಎಚ್ಚರಿಕೆಯ ಗಂಟೆ ಬಾರಿಸತೊಡಗಿತು.

ಫೋರ್‌ಮನ್ನರು ಮತ್ತೆ ಒತ್ತಿದರು. ಮತ್ತೆ ಕೆಂಪು ದೀಪ. ಫ್ಯೂಸು ನೋಡಿದರು, ಸ್ವಿಚ್ಚು ನೋಡಿದರು, ಯಂತ್ರದ ಜೊತೆ ಬಂದಿದ್ದ ಇಂಗ್ಲಿಷಿನ ದಪ್ಪ ಪುಸ್ತಕವನ್ನು ತಿರುವಿ ಹಾಕಿದರು. ಯಂತ್ರವನ್ನು ಬಲ್ಲ ಇಂಜಿನಿಯರು ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಗಂಟೆ ಮಾತ್ರ ನಿಲ್ಲಲೊಲ್ಲದು. ಜನರಲ್ಲಿ ಗುಸುಗುಸು ಹುಟ್ಟಿತು; ಯಾರ ದೃಷ್ಟಿಯಾಯಿತೋ, ಯಾರ ಕಾಲ್ಗುಣವೋ ಎಂದು ಹಿಂದಿನಿಂದ ಒಂದು ದನಿ ಬಂತು. ವೆಂಕಟಲಕ್ಷ್ಮಮ್ಮನವರ ಮುಖ ಬಿಳುಚಿಕೊಂಡಿತು. ನಮ್ಮ ಕುಟುಂಬ ಬಂದ ಗಳಿಗೆಯಲ್ಲೇ ಹೀಗಾಗಬೇಕೆ, ಇನ್ನು ಸಂಬಂಧದ ಮಾತನ್ನು ಯಾವ ಮುಖ ಹೊತ್ತು ಆಡುವುದು ಎಂದು ಮುನಿವೆಂಕಟಪ್ಪನವರು ಹೆಗಲ ಮೇಲಿನ ಟವಲ್ಲನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ನನ್ನ ಸಂಬಂಧ ಹೀಗೆ ಎರಡನೆಯ ಬಾರಿ ಮುರಿಯುವ ಹಂತಕ್ಕೆ ಬಂತು: ಮೊದಲ ಸಲ ಯಂತ್ರ ಚೆನ್ನಾಗಿ ಓಡುತ್ತದೆ ಎಂಬ ಕಾರಣಕ್ಕೆ, ಈಗ ಓಡುವುದಿಲ್ಲ ಎಂಬ ಕಾರಣಕ್ಕೆ.

ಇಂಥ ಅವಕಾಶವನ್ನು ದಸ್ತಗೀರ್ ಸಾಬರು ಬಿಡುವುದುಂಟೆ? "ಮೈ ಬೋಲ್ಯಾ ನಾ? ಹೇಳಿರ್ಲಿಲ್ವಾ ನಾನು? ಅದು ನಖ್ರಾ ಮಾಡುತ್ತೆ. ಇಲ್ಲಿ ನೋಡಿ ನಮ್ ಬೇಗಮ್ಮು!" ಎಂದು ಮೀಸೆ ತೀಡಿ, ಅತ್ತಿತ್ತ ನೋಡದೆ, ತಮ್ಮ ಹಳೆಯ ಲೇತಿನ ಹಿಡಿಕೆಯನ್ನು ಒಮ್ಮೆಲೇ ಎಳೆದುಬಿಟ್ಟರು. ಪ್ರೀತಿ ಹೆಚ್ಚಾಗಿ ಬೇಗಮ್ಮಿನ ಕೊರಳಿಗೆ, ಅಂದರೆ ತಿರುಗುವ ಭಾಗಕ್ಕೇ, ಆಳುದ್ದದ ಚೆಂಡುಹೂವಿನ ಮಾಲೆಯನ್ನು ತಾವೇ ಸುತ್ತಿದ್ದುದನ್ನು ಅವರು ಮರೆತಿದ್ದರು. ಬೇಗಮ್ ಗಿರ್ರನೆ ತಿರುಗಿದಳು. ಮಾಲೆ ಒಂದು ಸುತ್ತು ಗಾಳಿಯಲ್ಲಿ ಬೀಸಿ, ಚಿಂದಿಚಿಂದಿಯಾಗಿ, ಸೂರಿನವರೆಗೆ ಚಿಮ್ಮಿ, ಹಳದಿಯ ಮಳೆಯಾಗಿ ಸುರಿಯಿತು. ಫೋರ್‌ಮನ್ನರ ಕನ್ನಡಕದ ಮೇಲೆ, ಇಂಗ್ಲಿಷ್ ಪುಸ್ತಕದ ಮೇಲೆ, ಸಾಬರ ಜರಿಯ ಟೋಪಿಯ ಮೇಲೆ, ಮುನಿವೆಂಕಟಪ್ಪನವರ ತೆರೆದ ಬಾಯಿಯ ಒಳಗೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಗದ್ದಲದಲ್ಲಿ ಅಕ್ಕಪಕ್ಕಕ್ಕೆ ಬಂದು ನಿಂತಿದ್ದ ನನ್ನ ಮತ್ತು ರತ್ನಳ ತಲೆಯ ಮೇಲೆ ಎಸಳು ಎಸಳಾಗಿ ಬಿತ್ತು. ಅಕ್ಷತೆಯಾಯಿತು, ಗಟ್ಟಿಮೇಳವನ್ನು ಆ ಕೆಟ್ಟ ಗಂಟೆ ಆಗಲೇ ಬಾರಿಸುತ್ತಲೇ ಇತ್ತು.

ರತ್ನ ಸೆರಗನ್ನು ಬಾಯಿಗಿಟ್ಟುಕೊಂಡು ನಗಲಾರಂಭಿಸಿದಳು. ಅವಳ ನಗೆ ಕಂಡು ನನಗೆ ಒಂದು ಬಗೆಯ ದಿಕ್ಕುಗೆಟ್ಟ ಸಂತೋಷವಾಗಿ, ಏನು ಮಾಡಬೇಕೆಂದು ತಿಳಿಯದೆ ಯಂತ್ರದ ಪೆಟ್ಟಿಗೆಗೆ ಒರಗಿದೆ. ಒರಗಿದ ಮೇಲೆ ಹೆಬ್ಬೆರಳು ಸುಮ್ಮನಿರುತ್ತದೆಯೆ? ಗಾಜಿನ ಅಂಚು ಸಿಕ್ಕಿತು. ಪಟ್ಟಿಯ ಅಡಿಗೆ ನುಸುಳಿ ತನ್ನ ಪ್ರದಕ್ಷಿಣೆ ಮಾಡಿಕೊಂಡು ಬಂತು. ಇದು ಜಾಣತನವೆಂದು ದಯವಿಟ್ಟು ತಿಳಿಯಬೇಡಿ, ಶುದ್ಧ ಚಾಳಿ. ಬೆರಳು ಹೊರಗೆ ಬಂದಾಗ ಕೆಂಪಗಿತ್ತು. ಫೋರ್‌ಮನ್ನರು ಬೆರಳನ್ನು ನೋಡಿದರು, ಗಾಜನ್ನು ನೋಡಿದರು, ಜೇಬಿನಿಂದ ಕರವಸ್ತ್ರ ತೆಗೆದು ಉಳಿದದ್ದನ್ನು ಒರೆಸಿ, ಹಸಿರು ಗುಂಡಿ ಒತ್ತಿದರು. ಗಂಟೆ ನಿಂತಿತು. ಯಂತ್ರ ಏನೂ ಆಗಿಯೇ ಇಲ್ಲವೆಂಬಂತೆ ಸರಾಗವಾಗಿ ಕಬ್ಬಿಣ ಹೆರೆಯತೊಡಗಿತು.

ಈಗ ನನ್ನ ಕೈಯಲ್ಲಿ ಕುಂಕುಮ. ಪೂಜೆಯ ಕುಂಕುಮವನ್ನು ಬಟ್ಟೆಗೆ ಒರೆಸಬಾರದು, ನೆಲಕ್ಕೆ ಕೊಡವಬಾರದು, ಹಣೆಗೆ ಹಚ್ಚಿಕೊಳ್ಳಬೇಕೆಂದು ತಾಯಿ ಚಿಕ್ಕಂದಿನಲ್ಲಿ ಕಲಿಸಿದ್ದು ಕೈಗೆ ನೆನಪಿತ್ತು. ಸುತ್ತಲಿನವರ ಪರಿವೆಯಿಲ್ಲದೆ ಹೆಬ್ಬೆರಳನ್ನು ಹಣೆಗೆ ಒತ್ತಿ, ಉದ್ದಕ್ಕೆ ಎಳೆದುಕೊಂಡೆ. ನಿಶ್ಚಯದ ದಿನ ಹೆಣ್ಣಿನ ಕಡೆಯವರು ಗಂಡಿನ ಹಣೆಗೆ ಇಡುವ ಕುಂಕುಮ ಸರಿಸುಮಾರು ಅದೇ ಗಾತ್ರದ್ದು. ಅತ್ತೆಯಾಗಬೇಕಾದವರು ಯಂತ್ರಕ್ಕೆ ಇಟ್ಟ ಬೊಟ್ಟು ಹೀಗೆ ಅಳಿಯನಾಗಬೇಕಾದವನ ಹಣೆಗೆ ಬಂದು, ತಲೆಯ ಮೇಲೆ ಹೂವಿನ ಎಸಳುಗಳ ಸಮೇತ ನಾನು ನಿಂತಿದ್ದೆ.

ಮುನಿವೆಂಕಟಪ್ಪನವರು ಬಾಯಿಂದ ಎಸಳೊಂದನ್ನು ತೆಗೆದು, ಯಂತ್ರವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

"ಇಷ್ಟು ದೊಡ್ಡ ಮಿಷನ್ನು, ಒಂದು ಬೊಟ್ಟಿಗೆ ಕಣ್ಣು ಮುಚ್ಕೊಂತಲ್ಲಪ್ಪಾ! ಇದರ ಮುಖ ಒರೆಸೋಕಾದ್ರೂ ಒಬ್ಬ ಬೇಕೇ ಬೇಕು" ಎಂದು, ಹೆಂಡತಿಯ ಕಡೆ ತಿರುಗಿ, "ಏನೇ, ಬೊಟ್ಟು ಇಟ್ಟಾಯ್ತು, ಅಕ್ಷತೆ ಬಿತ್ತು. ಇನ್ನೇನ್ ನೋಡೋದೈತೆ?" ಎಂದರು.

ವೆಂಕಟಲಕ್ಷ್ಮಮ್ಮನವರು ಕಣ್ಣೊರೆಸಿಕೊಂಡು ನಕ್ಕರು. ದಸ್ತಗೀರ್ ಸಾಬರು ತಮ್ಮಿಂದಲೇ ಮದುವೆ ನಡೆಯಿತೆಂದು ಅಲ್ಲಿಂದ ಮುಂದೆ ಜೀವಮಾನವಿಡೀ ಸಾರುವ ಸಿದ್ಧತೆಯಲ್ಲಿ ಟೋಪಿಯ ಹೂವು ಕೊಡವಿಕೊಂಡರು. ಎಲ್ಲರೂ ಪ್ರಸಾದದ ಕಡೆಗೆ ಹೊರಟಾಗ ರತ್ನ ನನ್ನ ಪಕ್ಕದಲ್ಲಿ ಹ್ಯಾಗೋ ಒಂದು ಕ್ಷಣ ಹಿಂದುಳಿದು, ಯಂತ್ರವನ್ನು ತೋರಿಸಿ, "ಇದನ್ನ ತೊಳ್ದಿರ್ಲಿಲ್ವಾ?" ಎಂದು ಕೇಳಿ ಓಡಿಹೋದಳು.

ಈ ಪ್ರಸಂಗದಿಂದ ಮನುಷ್ಯ ಗೆದ್ದ, ಯಂತ್ರ ಸೋತಿತು ಎಂಬ ನೀತಿಯನ್ನು ತೆಗೆಯಲು ನನಗೂ ಆಸೆಯೇ. ಆದರೆ ಅದು ನಿಜವಲ್ಲ. ಮಾರನೆಯ ದಿನದಿಂದ ಆ ಯಂತ್ರ ಸರಿಯಾಗಿಯೇ ಓಡಿತು, ಅದರ ಗಾಜಿನ ಮುಚ್ಚಳಕ್ಕೆ ಬೀಗ ಬಂತು, ಅದರ ಪಕ್ಕಕ್ಕೆ ತಂಗಿಯೊಬ್ಬಳೂ ಬಂದಳು. ನಾಲ್ವರು ನಿಲ್ಲುತ್ತಿದ್ದ ಕಡೆ ಒಬ್ಬ ನಿಲ್ಲುವ ಹಾಗಾಯಿತು. ಆ ಒಬ್ಬ ನಾನಾದದ್ದು ನನ್ನ ಭಾಗ್ಯವೇ ಹೊರತು ಯೋಗ್ಯತೆಯಲ್ಲ. ಕಾಗದಕ್ಕೆ ತೂತು ಹೊಡೆಯುವುದನ್ನು ಕಲಿತೆ. ಅಕ್ಷರಗಳಿಲ್ಲದ ಆ ಭಾಷೆಯಲ್ಲೂ ಕರ್ತೃ, ಕರ್ಮ, ಕ್ರಿಯಾಪದ ಇರುವುದನ್ನು ಕಂಡು, ತಂದೆಯವರ ವ್ಯಾಕರಣ ಕೊನೆಗೂ ವ್ಯರ್ಥವಾಗಲಿಲ್ಲವೆಂದು ಅವರಿಗೆ ಹೇಳಿದೆ. ಅವರು ತೂತಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಕಾಗುಣಿತ ಸರಿಯಿಲ್ಲ" ಎಂದರು. ಹೊಸ ಟರ್ನರುಗಳನ್ನು ನೇಮಿಸುವುದು ನಿಂತುಹೋಯಿತು. ಬೇಗಮ್ಮನ್ನು ಮುಳಬಾಗಿಲಿನ ಹೆದ್ದಾರಿಯ ಪಕ್ಕದ ಒಂದು ಸಣ್ಣ ವರ್ಕ್‌ಷಾಪಿನವರು ಕೊಂಡುಕೊಂಡು ಹೋದರು. ಹೆಂಡತಿಯನ್ನು ತವರಿಗೆ ಕಳಿಸಿ ತಾನೂ ಗಂಟು ಕಟ್ಟಿದ ಗಂಡನ ಹಾಗೆ ದಸ್ತಗೀರ್ ಸಾಬರು ಕೆಲಸಕ್ಕೆ ಸಲಾಮು ಹೊಡೆದು ಅವಳ ಹಿಂದೆಯೇ ಮುಳಬಾಗಿಲಿಗೆ ಹೊರಟುಹೋದರು. ಈಗ ಅಲ್ಲಿ ಕೆಟ್ಟು ನಿಂತ ಲಾರಿಗಳಿಗೆ ಬೇಕಾದ ಬಿಡಿಭಾಗಗಳನ್ನು ಇಬ್ಬರೂ ಸೇರಿ ಮಾಡಿಕೊಡುತ್ತಾರೆ. ಹೋದ ವರ್ಷ ನೋಡಲು ಹೋಗಿದ್ದೆ. ಅತ್ತರಿನ ಘಾಟು ರಸ್ತೆಗೇ ಬರುತ್ತಿತ್ತು. ಅವರಿಲ್ಲದೆ ನಮ್ಮ ಕಾರ್ಖಾನೆ ಸಪ್ಪೆಯಾಗಿದೆ, ನನಗೆ ಬಹಳ ಬೇಜಾರಾಗುತ್ತದೆ.

ಆದರೂ ಒಂದು ಸಮಾಧಾನವಿತ್ತು. ಯಂತ್ರ ಎಷ್ಟೇ ಹೆರೆಯಲಿ, ಹೊರಬಂದ ಮೊದಲ ಸಾಮಾನನ್ನು ನನ್ನ ಹೆಬ್ಬೆರಳು ಸವರಿ ಹೂಂ ಎನ್ನಬೇಕು. ಮದುವೆಯಾದ ಮೊದಲ ವರ್ಷದಿಂದಲೇ ರತ್ನ ಇದಕ್ಕೊಂದು ಶಾಸ್ತ್ರ ಕಟ್ಟಿದಳು. ಆಯುಧಪೂಜೆಯ ದಿನ ಈಳಿಗೆಮಣೆ, ಕುಡುಗೋಲು, ಹೊಲಿಗೆ ಯಂತ್ರ, ನನ್ನ ಸೈಕಲ್ಲು ಎಲ್ಲಕ್ಕೂ ಕುಂಕುಮ ಇಟ್ಟಾದ ಮೇಲೆ, "ಎಲ್ಲಿ, ಕೊಡಿ" ಎಂದು ನನ್ನ ಹೆಬ್ಬೆರಳನ್ನು ಹಿಡಿದು ಅದಕ್ಕೂ ಒಂದು ಬೊಟ್ಟು ಇಡುತ್ತಾಳೆ. ಕುಡುಗೋಲು ನಾಚಿಕೊಳ್ಳುವುದಿಲ್ಲ, ನಾನು ನಾಚಿಕೊಳ್ಳುತ್ತೇನೆ, ಅಷ್ಟೇ ವ್ಯತ್ಯಾಸ.

ಈ ಸಲದ ಹಬ್ಬಕ್ಕೆ ಸ್ವಲ್ಪ ಮುಂಚೆ ಕಾರ್ಖಾನೆಗೆ ಇನ್ನೊಂದು ಪೆಟ್ಟಿಗೆ ಬಂತು. ಇದು ಹೆರೆಯುವುದಲ್ಲ, ಅಳೆಯುವುದು. ಇದಕ್ಕೊಂದು ಸಪೂರ ಬೆರಳಿದೆ. ಬೆರಳಿನ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಕೆಂಪು ಹರಳು. ಆ ಬೆರಳು ಮೆಲ್ಲಗೆ ಇಳಿದು, ಸಾಮಾನಿನ ಅಂಚನ್ನು ಮುಟ್ಟಿ ಮುಟ್ಟಿ, ಸುತ್ತ ಪ್ರದಕ್ಷಿಣೆ ಹಾಕಿ, ಸರಿಯೋ ತಪ್ಪೋ ಎಂದು ಹೇಳಿಬಿಡುತ್ತದೆ. ನೋಡುತ್ತ ನಿಂತವನಿಗೆ ನನ್ನನ್ನೇ ಯಾರೋ ಅಣಕಿಸಿದಂತಾಯಿತು. ಕೈ ಹೋಯಿತೆಂದು ಅಂದು ಹೆದರಿದ್ದೆ. ಈಗ ಉಳಿದಿದ್ದ ಒಂದು ಬೆರಳನ್ನೂ ಕೇಳಲು ಬಂದಿದ್ದರು.

ಹಬ್ಬದ ದಿನ ಮನೆಯಲ್ಲಿ ರತ್ನ ಎಂದಿನಂತೆ "ಎಲ್ಲಿ, ಕೊಡಿ" ಎಂದಾಗ ಕೈ ಮುಂದೆ ಬರಲಿಲ್ಲ. ಕೆಂಪು ಹರಳಿನ ಕಥೆಯನ್ನು ಹೇಳಿದೆ. "ಇನ್ನು ಇದಕ್ಕೇನು ಕೆಲ್ಸ ಇದೆ ರತ್ನಾ, ಪೂಜೆ ಮಾಡೋಕೆ?" ಎಂದೆ. ತಮಾಷೆಯಾಗಿ ಹೇಳಬೇಕೆಂದಿದ್ದೆ, ದನಿ ಕೈಕೊಟ್ಟಿತು.

ಅವಳು ಬಟ್ಟಲನ್ನು ಕೆಳಗಿಡಲಿಲ್ಲ. "ಅದಕ್ಕೆ ಕಾಫಿ ಕುಡಿಯೋಕೆ ಬರುತ್ತಾ?" ಎಂದಳು. ಬರುವುದಿಲ್ಲವೆಂದು ಒಪ್ಪಿಕೊಂಡೆ. "ಮತ್ತೆ ಇನ್ನೇನು, ಕೊಡಿ ಇಲ್ಲಿ" ಎಂದು ಹೆಬ್ಬೆರಳನ್ನು ಎಳೆದುಕೊಂಡು ಹಿಂದೆಂದಿಗಿಂತ ದೊಡ್ಡದಾಗಿ ಕುಂಕುಮ ಇಟ್ಟು, ಒಳಗೆ ಹೋಗಿ ಕಾಫಿ ತಂದಳು. ಲೋಟ ಕೈಗೆ ಬಂತು, ಬೆರಳು ಹೊರಟಿತು. ಅಂಚಿನ ಸುತ್ತ ಕೆಂಪು ಗೆರೆಯೊಂದು ಎದ್ದು ನಿಂತಿತು. ಈಗ "ಲೋಟ ತೊಳ್ದಿದೀವಿ" ಎಂಬ ಆ ಹಳೆಯ ವಾಕ್ಯ ಬರುತ್ತದೆಂದು ನಾನು ಕಾದೆ.

ಬರಲಿಲ್ಲ. ರತ್ನ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಕೆಂಪು ಗೆರೆಯನ್ನು ಸೆರಗಿನಲ್ಲಿ ಒರೆಸಿ, ತನ್ನ ಹೆಬ್ಬೆರಳನ್ನು ಅಂಚಿನ ಮೇಲೆ ನಿಧಾನವಾಗಿ ಒಂದು ಸುತ್ತು ತಂದು, ಒಂದು ಕಡೆ ನಿಲ್ಲಿಸಿದಳು.

"ಇಲ್ಲೊಂದು ಮುಳ್ಳಿದೆ ನೋಡ್ರೀ" ಎಂದಳು.

ಎಡಗೈ ಹೆಬ್ಬೆರಳಿನಿಂದ ನೋಡಿದೆ. ಇತ್ತು. ಕುಂಕುಮ ಮೆತ್ತಿದ ನನ್ನ ಬಲಗೈ ಬೆರಳು ಅದರ ಮೇಲೆಯೇ ಹಾಯ್ದುಹೋಗಿದ್ದರೂ ಅದಕ್ಕೆ ತಿಳಿದಿರಲಿಲ್ಲ. ಇಷ್ಟು ವರ್ಷ ನನ್ನೆದುರು ಕುಳಿತು ಕಾಫಿ ಆರಿಸಿಕೊಂಡವಳು, ನಾನು ಯಾವತ್ತೂ ಹೇಳಿಕೊಡದ ವಿದ್ಯೆಯನ್ನು ಸುಮ್ಮನೆ ನೋಡಿ ನೋಡಿ ಕಲಿತುಬಿಟ್ಟಿದ್ದಳು. ಬಟ್ಟಲು ತೆಗೆದುಕೊಂಡು, "ಎಲ್ಲಿ, ಕೊಡು" ಎಂದೆ. ಅವಳು ಕೈ ಚಾಚಿದಳು. ಅವಳ ಹೆಬ್ಬೆರಳಿಗೂ ಒಂದು ಬೊಟ್ಟು ಇಟ್ಟೆ. ಆಮೇಲೆ ಇಬ್ಬರೂ ಆರಿದ ಕಾಫಿಯನ್ನು ಹಂಚಿಕೊಂಡು ಕುಡಿದೆವು.